ನೆಲಮಾಳಿಗೆಯಲ್ಲಿ ಹುಟ್ಟಿದ ಬೀದಿಬೆಕ್ಕಿನ ಮರಿಗಳನ್ನು ಪಳಗಿಸಿ ಮನೆಗಳಿಗೆ ಕೊಡುವುದು ಹೇಗೆ? ತಾಯಿಬೆಕ್ಕಿನ ಗತಿ ಏನು?

ಬನಶಂಕರಿ ನಿವಾಸಿ

ಎಲ್ಲರಿಗೂ ನಮಸ್ಕಾರ. ಬೆಂಗಳೂರಿನಲ್ಲಿ ನಾವಿರುವ ಅಪಾರ್ಟ್‌ಮೆಂಟಿನ ನೆಲಮಾಳಿಗೆಯಲ್ಲಿ, ಜನರೇಟರ್ ಕೋಣೆಯ ಹಿಂದಿನ ಸಂದಿಯಲ್ಲಿ ಬೀದಿಬೆಕ್ಕೊಂದು ಮರಿ ಹಾಕಿದೆ. ಎರಡು ಬೂದು ಪಟ್ಟೆಯ ಮರಿಗಳು, ಇನ್ನೊಂದು ಪೂರ್ತಿ ಕಪ್ಪು. ಓಡಾಡುವಷ್ಟು ಬೆಳೆದಿವೆಯಾದರೂ ಮನುಷ್ಯರ ಹೆಜ್ಜೆ ಸಪ್ಪಳ ಕೇಳಿದರೆ ಸಾಕು, ನೀರಿನ ಪಂಪಿನ ಕೆಳಗೆ ನುಗ್ಗಿ ಅಲ್ಲಿಂದಲೇ ಬುಸುಗುಟ್ಟುತ್ತವೆ. ತಾಯಿಬೆಕ್ಕು ಕಾವಲುಗಾರರು ಇಡುವ ಅನ್ನ, ಮೀನಿನ ತುಂಡು ತಿನ್ನುತ್ತದೆ, ಆದರೆ ಅವರು ಹತ್ತು ಹೆಜ್ಜೆ ದೂರ ಹೋಗುವ ತನಕ ತಟ್ಟೆಯ ಬಳಿ ಸುಳಿಯುವುದಿಲ್ಲ.

ಕೆಲವು ನಿವಾಸಿಗಳು ಇವನ್ನೆಲ್ಲ ಗೋಣಿಚೀಲದಲ್ಲಿ ಹಾಕಿ ಊರಾಚೆ ಬಿಟ್ಟು ಬರೋಣ ಎನ್ನುತ್ತಿದ್ದಾರೆ. ಮಳೆಗಾಲ ಹತ್ತಿರ ಬಂದಿದೆ, ಮಳೆ ಜೋರಾದರೆ ಆ ಮೂಲೆಯಲ್ಲಿ ನೀರು ನಿಲ್ಲುತ್ತದೆ. ನಮ್ಮ ಮನೆಯಲ್ಲಿ ಒಂದು ಕೋಣೆ ಖಾಲಿ ಇದೆ. ಮರಿಗಳನ್ನು ಅಲ್ಲಿಟ್ಟುಕೊಂಡು ಪಳಗಿಸಿ, ಒಳ್ಳೆಯ ಮನೆಗಳಿಗೆ ದತ್ತು ಕೊಡಬೇಕೆಂಬ ಆಸೆ ನನ್ನದು. ಮನುಷ್ಯರನ್ನು ಕಂಡರೆ ಇಷ್ಟು ಹೆದರುವ ಮರಿಗಳು ನಿಜವಾಗಿಯೂ ಮನೆಬೆಕ್ಕುಗಳಾಗುತ್ತವೆಯೇ? ತಾಯಿಯನ್ನೂ ಒಳಗೆ ತರಬೇಕೇ? ಅನುಭವ ಇರುವವರು ದಯವಿಟ್ಟು ತಿಳಿಸಿ.

ಮರಿಗಳ ಆರೈಕೆದಾರರು, ಮೈಸೂರು

ನಮಸ್ಕಾರ. ನಾನು ಹಲವು ವರ್ಷಗಳಿಂದ ಬೀದಿಬೆಕ್ಕಿನ ಮರಿಗಳಿಗೆ ಮನೆಯಲ್ಲಿ ತಾತ್ಕಾಲಿಕ ಆಸರೆ ಕೊಡುತ್ತಿದ್ದೇನೆ. ಮರಿಗಳು ಮನೆಬೆಕ್ಕುಗಳಾಗುತ್ತವೆ, ಆದರೆ ಅದಕ್ಕೆ ಕಾಲದ ಮಿತಿ ಇದೆ. ಆದ್ದರಿಂದ ಮೊದಲು ಅವುಗಳ ವಯಸ್ಸನ್ನು ಅಂದಾಜು ಮಾಡಿಕೊಳ್ಳಿ. ಬೀದಿಯ ಮರಿಗಳು ಸಾಮಾನ್ಯವಾಗಿ ತೂಕದಲ್ಲಿ ಹಿಂದುಳಿದಿರುವುದರಿಂದ ಗಾತ್ರವನ್ನು ನಂಬಬಾರದು, ಕಣ್ಣು ಮತ್ತು ಹಲ್ಲುಗಳನ್ನು ನೋಡಬೇಕು. ಹುಟ್ಟಿದ ಒಂದರಿಂದ ಎರಡು ವಾರಗಳಲ್ಲಿ ಕಣ್ಣು ತೆರೆಯುತ್ತದೆ, ಮೂರನೆಯ ವಾರದ ಹೊತ್ತಿಗೆ ಮುಂದಿನ ಪುಟ್ಟ ಹಲ್ಲುಗಳು ಮೂಡತೊಡಗುತ್ತವೆ, ಆರೇಳು ವಾರಗಳಾದಾಗ ಕಣ್ಣಿನ ಎಳೆನೀಲಿ ಬಣ್ಣ ಮಾಸಿ ನಿಜವಾದ ಬಣ್ಣ ಬರುತ್ತದೆ. ನಿಮ್ಮ ಮರಿಗಳ ಕಣ್ಣು ಇನ್ನೂ ನೀಲಿಯಾಗಿದ್ದರೆ ನಿಮಗೆ ಸಮಯ ಅನುಕೂಲವಾಗಿದೆ. ಹಳದಿ ಅಥವಾ ಹಸಿರಿಗೆ ತಿರುಗಿದ್ದರೆ ಇನ್ನು ತಡಮಾಡಬಾರದು.

ಇದಕ್ಕೆ ಕಾರಣವಿದೆ. ಬೆಕ್ಕಿನ ಮರಿ ಯಾರನ್ನು ತನ್ನವರೆಂದು ಸ್ವೀಕರಿಸಬೇಕು ಎಂಬುದು ಬಹುಪಾಲು 2ರಿಂದ 7 ವಾರಗಳ ಒಳಗೆ ಅದರ ಮನಸ್ಸಿನಲ್ಲಿ ನಿಲ್ಲುತ್ತದೆ. 1980ರ ದಶಕದಲ್ಲಿ ಅಮೆರಿಕದ ಫಿಲಡೆಲ್ಫಿಯಾದಲ್ಲಿರುವ ಟೆಂಪಲ್ ವಿಶ್ವವಿದ್ಯಾಲಯದ ಐಲೀನ್ ಕಾರ್ಶ್ ಅವರು ನಡೆಸಿದ ಪ್ರಯೋಗಗಳಲ್ಲಿ, 3ನೆಯ ವಾರದಿಂದಲೇ ಮನುಷ್ಯರ ಕೈಯಲ್ಲಿ ಆಡಿದ ಮರಿಗಳು ತಡವಾಗಿ ಆ ಒಡನಾಟ ಪಡೆದವುಗಳಿಗಿಂತ ಹೆಚ್ಚು ಸಲುಗೆ ತೋರಿದವು. ದಿನಕ್ಕೆ 15 ನಿಮಿಷ ಎತ್ತಿ ಆಡಿಸಿದ ಮರಿಗಳಿಗಿಂತ 40 ನಿಮಿಷ ಆಡಿಸಿದ ಮರಿಗಳು ಮನುಷ್ಯರಿಗೆ ಹೆಚ್ಚು ಹೊಂದಿಕೊಂಡವು ಎಂಬುದೂ ಅಲ್ಲಿ ಕಂಡುಬಂತು. 7 ವಾರ ದಾಟಿದ ಕೂಡಲೇ ಬಾಗಿಲು ಮುಚ್ಚಿಹೋಗುತ್ತದೆ ಎಂದು ಇದರ ಅರ್ಥವಲ್ಲ. 8 ವಾರದ ಮರಿ ಕೆಲವು ದಿನಗಳಲ್ಲಿ ಒಗ್ಗಿಕೊಂಡರೆ, ಮೂರು ತಿಂಗಳ ಮರಿಗೆ ವಾರಗಟ್ಟಲೆ ಹಿಡಿಯಬಹುದು. ನಾಲ್ಕು ತಿಂಗಳು ದಾಟಿದ ಮೇಲೆ ಫಲ ಏನಾಗುತ್ತದೆ ಎಂದು ಯಾರೂ ಭರವಸೆ ಕೊಡಲಾರರು.

ಹಿಡಿಯುವಾಗ ತಾಯಿಯನ್ನೂ ಮರಿಗಳನ್ನೂ ಸಾಧ್ಯವಾದಷ್ಟು ಒಂದೇ ದಿನ ಹಿಡಿಯಿರಿ. ಬೆಕ್ಕು ಮರಿಗಳನ್ನು ಏಳು ಮನೆ ತಿರುಗಿಸುತ್ತದೆ ಎಂದು ನಮ್ಮ ಹಿರಿಯರು ಹೇಳುವುದು ಸುಮ್ಮನೆ ಅಲ್ಲ. ನೀವು ಪದೇ ಪದೇ ಟಾರ್ಚ್ ಹಿಡಿದು ಆ ಸಂದಿಯಲ್ಲಿ ಇಣುಕಿದರೆ, ಮರುದಿನ ಬೆಳಗಾಗುವಷ್ಟರಲ್ಲಿ ಅದು ಮರಿಗಳನ್ನು ಕಚ್ಚಿಕೊಂಡು ನಿಮಗೆ ಸಿಗದ ಜಾಗಕ್ಕೆ ಸಾಗಿಸಿರುತ್ತದೆ. ಬರಿಗೈಯಲ್ಲಿ ಹಿಡಿಯಲು ಹೋಗಲೇಬೇಡಿ. ಬಾಗಿಲು ತಾನಾಗಿ ಬೀಳುವ ಬೋನನ್ನು ಪ್ರಾಣಿಪ್ರಿಯರ ಗುಂಪುಗಳಿಂದ ಎರವಲು ತರಬಹುದು. ಅದರೊಳಗೆ ಬೇಯಿಸಿದ ಮೀನು ಇಟ್ಟು, ಮೇಲೆ ಬಟ್ಟೆ ಹೊದಿಸಿ, ದೂರದಿಂದ ಕಣ್ಣಿಟ್ಟಿರಿ. ಬೆಕ್ಕು ಸಿಕ್ಕಿದ ಕೂಡಲೇ ಬೋನನ್ನು ಬಟ್ಟೆಯಿಂದ ಪೂರ್ತಿ ಮುಚ್ಚಿದರೆ ಅದು ಬೇಗ ಶಾಂತವಾಗುತ್ತದೆ.

ಕೋಣೆಯ ವಿಷಯದಲ್ಲಿ ನನ್ನ ಸಲಹೆ ಹಲವರಿಗೆ ನಿಷ್ಕರುಣೆಯಂತೆ ಕೇಳಿಸಬಹುದು. ಮರಿಗಳನ್ನು ಮೊದಲ ದಿನವೇ ಇಡೀ ಕೋಣೆಗೆ ಬಿಡಬೇಡಿ. ಬಿಟ್ಟರೆ ಬೀರುವಿನ ಹಿಂದೆಯೋ ಮಂಚದ ಒಳಗಡೆಯೋ ಸೇರಿಕೊಳ್ಳುತ್ತವೆ. ನೀವು ಪ್ರತಿ ಸಲ ಅವನ್ನು ಅಲ್ಲಿಂದ ಎಳೆದು ತೆಗೆಯಬೇಕಾಗುತ್ತದೆ, ಪ್ರತಿ ಸಲವೂ ನಿಮ್ಮ ಕೈ ಎಂದರೆ ಭಯ ಎಂಬ ಪಾಠವನ್ನು ಅವು ಕಲಿಯುತ್ತವೆ. ದೊಡ್ಡ ನಾಯಿಗಳಿಗೆ ಬಳಸುವ ಮಡಚುವ ಕಂಬಿಪಂಜರ ಇದಕ್ಕೆ ತಕ್ಕದ್ದು. ಒಂದು ಮೂಲೆಯಲ್ಲಿ ಅಡಗಲು ರಟ್ಟಿನ ಪೆಟ್ಟಿಗೆ, ಎದುರು ಮೂಲೆಯಲ್ಲಿ ಮಲದ ತಟ್ಟೆ, ನಡುವೆ ನೀರು ಮತ್ತು ಆಹಾರ ಇಟ್ಟು, ಮುಂಭಾಗವೊಂದನ್ನು ಬಿಟ್ಟು ಉಳಿದ ಮೂರು ಬದಿಗೂ ಹಳೆಯ ಹೊದಿಕೆ ಹಾಕಿ. ಎಳೆಯ ಮರಿಗಳು ಬಾಯಿಗೆ ಸಿಕ್ಕಿದ್ದನ್ನು ನುಂಗುವುದರಿಂದ, ಮಲದ ತಟ್ಟೆಗೆ ಒದ್ದೆಯಾದರೆ ಗಟ್ಟಿಯಾಗುವ ಲಿಟರ್ ಪುಡಿ ಬೇಡ. ಮರದ ಹರಳು ಅಥವಾ ಹರಿದ ಸುದ್ದಿಪತ್ರಿಕೆ ಸಾಕು.

ಊಟದ ಹೊತ್ತೇ ಪಾಠದ ಹೊತ್ತು. ದಿನವಿಡೀ ತಟ್ಟೆ ತುಂಬಿಟ್ಟರೆ ಮರಿಗೆ ನಿಮ್ಮಿಂದ ಏನೂ ಬೇಕಾಗುವುದಿಲ್ಲ. ಹಾಗೆಂದು ಉಪವಾಸ ಕೆಡವಿ ಪಳಗಿಸುವುದು ಕ್ರೌರ್ಯ, ಮರಿಯ ಜೀವಕ್ಕೂ ಅಪಾಯ. ದಿನಕ್ಕೆ ನಾಲ್ಕು ಸಲ ಹೊಟ್ಟೆ ತುಂಬ ಕೊಡಿ, ಆದರೆ ಪ್ರತಿ ಸಲವೂ ನೀವು ಅಲ್ಲಿ ಕುಳಿತಿರಿ. ಮೊದಲು ಪಂಜರದ ಹೊರಗೆ ನೆಲದ ಮೇಲೆ, ಮರಿಗೆ ಪಕ್ಕವಾಗಿ ಕುಳಿತು, ಅದನ್ನು ದಿಟ್ಟಿಸದೆ, ಮೆಲುದನಿಯಲ್ಲಿ ಏನನ್ನಾದರೂ ಓದುತ್ತಿರಿ. ಕಣ್ಣು ಕೂಡಿದರೆ ನಿಧಾನವಾಗಿ ರೆಪ್ಪೆ ಮುಚ್ಚಿ ತೆರೆಯಿರಿ. ಹೀಗೆ ನಿಧಾನವಾಗಿ ಕಣ್ಣು ಮಿಟುಕಿಸುವ ಅಪರಿಚಿತರ ಬಳಿಗೆ ಬೆಕ್ಕುಗಳು ಹೆಚ್ಚು ಧೈರ್ಯದಿಂದ ಬರುತ್ತವೆ ಎಂದು ಇಂಗ್ಲೆಂಡಿನ ಸಸೆಕ್ಸ್ ವಿಶ್ವವಿದ್ಯಾಲಯದವರು 2020ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ ತೋರಿಸಿದ್ದಾರೆ.

ಪಶುವೈದ್ಯೆ, ಶಿವಮೊಗ್ಗ

ಮೈಸೂರಿನವರು ಹೇಳಿದ್ದನ್ನು ಒಪ್ಪುತ್ತೇನೆ. ನಾನು ಆರೋಗ್ಯದ ವಿಷಯಗಳನ್ನು ಸೇರಿಸಬೇಕು, ಏಕೆಂದರೆ ಪಳಗಿಸುವ ಉತ್ಸಾಹದಲ್ಲಿ ಇವು ಹಿಂದೆ ಬೀಳುವುದನ್ನು ಚಿಕಿತ್ಸಾಲಯದಲ್ಲಿ ನಿತ್ಯ ಕಾಣುತ್ತೇನೆ.

ಮೊದಲನೆಯದು ನಿಮ್ಮ ಸುರಕ್ಷತೆ. ರೇಬೀಸ್ ನಾಯಿಯಿಂದ ಮಾತ್ರ ಬರುತ್ತದೆ ಎಂಬ ನಂಬಿಕೆ ನಮ್ಮಲ್ಲಿ ಬಲವಾಗಿದೆ. ಬೆಕ್ಕಿನ ಕಡಿತದಿಂದಲೂ ಅದು ಬರುತ್ತದೆ. ಹಿಡಿಯುವಾಗ ಬೆಕ್ಕು ಕಚ್ಚಿದರೆ ಅಥವಾ ಪರಚಿದರೆ, ಗಾಯವನ್ನು ಹರಿಯುವ ನೀರಿನಲ್ಲಿ ಸಾಬೂನು ಹಚ್ಚಿ 15 ನಿಮಿಷ ತೊಳೆದು ಅದೇ ದಿನ ಆಸ್ಪತ್ರೆಗೆ ಹೋಗಿ. ಅರಿಸಿನ, ಸುಣ್ಣ, ಕಾಫಿಪುಡಿ ಯಾವುದನ್ನೂ ಗಾಯಕ್ಕೆ ಒತ್ತಬೇಡಿ. ಸರ್ಕಾರಿ ಆಸ್ಪತ್ರೆಗಳಲ್ಲಿ ಚರ್ಮದೊಳಗೆ ಕೊಡುವ ಲಸಿಕೆಯನ್ನು 0, 3, 7 ಮತ್ತು 28ನೆಯ ದಿನಗಳಲ್ಲಿ ಹಾಕುತ್ತಾರೆ. ಚರ್ಮ ಹರಿದು ರಕ್ತ ಬಂದಿದ್ದರೆ ಇಮ್ಯುನೊಗ್ಲೋಬ್ಯುಲಿನ್ (ಸಿದ್ಧ ಪ್ರತಿಕಾಯಗಳ ಚುಚ್ಚುಮದ್ದು) ಕೂಡ ಬೇಕಾಗುತ್ತದೆ, ಅದನ್ನು ವೈದ್ಯರು ತೀರ್ಮಾನಿಸಲಿ. ಈ ಕೆಲಸವನ್ನು ಮತ್ತೆ ಮತ್ತೆ ಮಾಡುವವರು ಮುಂಚಿತವಾಗಿಯೇ ಲಸಿಕೆ ಹಾಕಿಸಿಕೊಂಡಿರುವುದು ಉತ್ತಮ.

ಎರಡನೆಯದು ಪ್ಯಾನ್‌ಲ್ಯೂಕೋಪೀನಿಯಾ. ನಾಯಿಗಳ ಪಾರ್ವೊ ವೈರಸ್‌ನ ಹತ್ತಿರದ ಸಂಬಂಧಿಯಾದ ವೈರಸ್ಸಿನಿಂದ ಇದು ಬರುತ್ತದೆ. ಬೆಳಿಗ್ಗೆ ಆಡುತ್ತಿದ್ದ ಮರಿ ಸಂಜೆಗೆ ಮಂಕಾಗಿ ಮೂಲೆ ಸೇರುತ್ತದೆ, ವಾಂತಿ ಮತ್ತು ಭೇದಿ ಶುರುವಾಗುತ್ತದೆ, ಎಷ್ಟೋ ಸಲ ಎರಡು ಮೂರು ದಿನಗಳಲ್ಲಿ ಸಾಯುತ್ತದೆ. ಈ ವೈರಸ್ ನೆಲದಲ್ಲಿ, ಬಟ್ಟೆಯಲ್ಲಿ, ಪಂಜರದಲ್ಲಿ ತಿಂಗಳುಗಟ್ಟಲೆ ಜೀವಂತವಾಗಿರುತ್ತದೆ, ಸ್ಯಾನಿಟೈಸರ್‌ಗೆ ಬಗ್ಗುವುದಿಲ್ಲ. ಎರವಲು ತಂದ ಬೋನು ಮತ್ತು ಪಂಜರವನ್ನು ಸಾಬೂನಿನಿಂದ ತೊಳೆದು, ಒಂದು ಭಾಗ ಬ್ಲೀಚಿಗೆ 32 ಭಾಗ ನೀರು ಬೆರೆಸಿದ ದ್ರಾವಣದಲ್ಲಿ ಹತ್ತು ನಿಮಿಷ ನೆನೆಯಲು ಬಿಟ್ಟು, ಮತ್ತೆ ತೊಳೆದು ಒಣಗಿಸಿ. ಮನೆಯಲ್ಲಿ ಬೇರೆ ಬೆಕ್ಕು ಇದ್ದರೆ ಅದಕ್ಕೂ ಹೊಸ ಮರಿಗಳಿಗೂ ಕನಿಷ್ಠ ಎರಡು ವಾರ ಮುಖಾಮುಖಿ ಬೇಡ.

ದಯವಿಟ್ಟು ಆ ಕೋಣೆಯ ನೆಲವನ್ನು ಫಿನಾಯಿಲ್ ಹಾಕಿ ಒರೆಸಬೇಡಿ. ಫೀನಾಲ್ ಜಾತಿಯ ರಾಸಾಯನಿಕಗಳನ್ನು ಬೆಕ್ಕಿನ ಯಕೃತ್ತು ಜೀರ್ಣಿಸಿ ಹೊರಹಾಕಲಾರದು. ಒದ್ದೆ ನೆಲದ ಮೇಲೆ ನಡೆದು ಪಾದ ನೆಕ್ಕಿಕೊಂಡರೂ ವಿಷವೇರಬಹುದು. ಇದೇ ಕಾರಣಕ್ಕೆ ಜ್ವರಕ್ಕೆಂದು ಪ್ಯಾರಸಿಟಮಾಲ್ ಕೊಡುವುದೂ ಮಾರಣಾಂತಿಕ. ನಾಯಿಗಳಿಗೆಂದು ಮಾರುವ ಪರ್ಮೆಥ್ರಿನ್ ಇರುವ ಚಿಗಟದ ಔಷಧವೂ ಬೆಕ್ಕಿಗೆ ವಿಷ.

ಹಸುವಿನ ಹಾಲು ಬೇಡ, ಬಹಳಷ್ಟು ಮರಿಗಳಿಗೆ ಅದರಿಂದ ಭೇದಿಯಾಗುತ್ತದೆ. ಹಿಡಿದ ವಾರದಲ್ಲೇ ತೂಕ ನೋಡಿಸಿ ಜಂತುಹುಳುವಿನ ಔಷಧ ಕೊಡಿಸಿ. ಮೂರು ರೋಗಗಳ ಸಂಯುಕ್ತ ಲಸಿಕೆಯನ್ನು 6ರಿಂದ 8 ವಾರಗಳಲ್ಲಿ ಆರಂಭಿಸಿ, ಮೂರು ನಾಲ್ಕು ವಾರಗಳಿಗೊಮ್ಮೆಯಂತೆ 16 ವಾರ ತುಂಬುವ ತನಕ ಮುಂದುವರಿಸಬೇಕು. ರೇಬೀಸ್ ಲಸಿಕೆಯನ್ನು 12 ವಾರದ ನಂತರ ಹಾಕುತ್ತೇವೆ. ಮನೆಯಲ್ಲಿ ಗರ್ಭಿಣಿಯರಿದ್ದರೆ ಮಲದ ತಟ್ಟೆಯನ್ನು ಬೇರೆಯವರು ದಿನವೂ ತಪ್ಪದೆ ಶುಚಿ ಮಾಡಲಿ. ಬೆಕ್ಕಿನ ಮಲದಲ್ಲಿರಬಹುದಾದ, ಗರ್ಭದ ಮಗುವಿಗೆ ಹಾನಿ ಮಾಡಬಲ್ಲ ಟೊಕ್ಸೊಪ್ಲಾಸ್ಮಾ ಎಂಬ ಪರೋಪಜೀವಿ ಸೋಂಕು ಹರಡುವ ಸ್ಥಿತಿಗೆ ಬರಲು ಮಲ ಒಂದು ದಿನಕ್ಕಿಂತ ಹೆಚ್ಚು ಹೊತ್ತು ಹೊರಗಿರಬೇಕಾಗುತ್ತದೆ. ಆದ್ದರಿಂದ ದಿನನಿತ್ಯದ ಶುಚಿತ್ವವೇ ಇಲ್ಲಿ ದೊಡ್ಡ ರಕ್ಷಣೆ.

ಕೃಷಿಕರು, ಪುತ್ತೂರು

ಎಲ್ಲವನ್ನೂ ಆಸಕ್ತಿಯಿಂದ ಓದಿದೆ. ಆದರೂ ಒಂದು ಮಾತು ಮನಸ್ಸಿಗೆ ಒಪ್ಪುತ್ತಿಲ್ಲ. ನಮ್ಮ ಕಡೆ ಬೆಕ್ಕುಗಳು ಹಗಲು ತೋಟದಲ್ಲಿ, ರಾತ್ರಿ ಅಟ್ಟದಲ್ಲಿ ಇರುತ್ತವೆ, ಚಳಿಗಾಲದಲ್ಲಿ ಬಚ್ಚಲುಮನೆಯ ಒಲೆಯ ಬದಿಯಲ್ಲಿ ಮಲಗುತ್ತವೆ. ಯಾರೂ ಅವನ್ನು ಕಟ್ಟಿಹಾಕುವುದಿಲ್ಲ, ಯಾರೂ ಪಳಗಿಸುವುದೂ ಇಲ್ಲ. ಬಯಲಿನಲ್ಲಿ ಹುಟ್ಟಿದ ಪ್ರಾಣಿಯನ್ನು ತಂದು ಮೂರನೆಯ ಮಹಡಿಯ ಫ್ಲ್ಯಾಟಿನಲ್ಲಿ ಜೀವನಪೂರ್ತಿ ಇಡುವುದು ಅದಕ್ಕೆ ಉಪಕಾರವೋ, ನಮ್ಮ ಸಮಾಧಾನವೋ ಎಂಬ ಪ್ರಶ್ನೆಯನ್ನು ನಾವು ಕೇಳಿಕೊಳ್ಳಬೇಕು. ತಾಯಿಯಿಂದ ಮರಿಗಳನ್ನು ಅಗಲಿಸುವುದೂ ನನಗೆ ಕಷ್ಟವೆನಿಸುತ್ತದೆ.

ಮರಿಗಳ ಆರೈಕೆದಾರರು, ಮೈಸೂರು

ಪುತ್ತೂರಿನವರ ಪ್ರಶ್ನೆ ನ್ಯಾಯವಾದದ್ದು. ಅಡಿಕೆ ತೋಟದ ಮನೆಯ ಬೆಕ್ಕಿಗೆ ಅಟ್ಟವಿದೆ, ಒಲೆಯಿದೆ, ಹೊತ್ತಿಗೆ ಊಟವಿದೆ. ಅದು ಮರಿಯಾಗಿದ್ದಾಗಿನಿಂದ ಮನೆಯವರ ಕಾಲಡಿಯಲ್ಲೇ ಬೆಳೆದಿರುತ್ತದೆ, ಯಾರೂ ಪಳಗಿಸದೆಯೇ ಪಳಗಿರುತ್ತದೆ. ಬೆಂಗಳೂರಿನ ನೆಲಮಾಳಿಗೆಯ ಮರಿಗೆ ಇರುವುದು ಹಿಂದಕ್ಕೆ ಬರುವ ಕಾರಿನ ಚಕ್ರ, ಬೀದಿನಾಯಿಗಳ ಗುಂಪು, ಲಸಿಕೆಯಿಲ್ಲದ ರೋಗ. ಆ ಪರಿಸರದಲ್ಲಿ ಹುಟ್ಟುವ ಮರಿಗಳಲ್ಲಿ ವರ್ಷ ತುಂಬುವವು ಕಡಿಮೆ. ಕಿಟಕಿಯ ಬಳಿ ಎತ್ತರದ ಹಲಗೆ, ಆಟಕ್ಕೆ ಜೊತೆ, ಬಾಲ್ಕನಿಗೆ ಗಟ್ಟಿಯಾದ ಜಾಲರಿ ಇರುವ ಮನೆಯಲ್ಲಿ ಚಿಕ್ಕಂದಿನಿಂದ ಬೆಳೆದ ಬೆಕ್ಕು ಹೊರಗಿನದನ್ನು ಬಯಸಿ ಕೊರಗುವುದನ್ನು ನಾನು ಕಂಡಿಲ್ಲ.

ಆದರೆ ಬೆಳೆದ ತಾಯಿಬೆಕ್ಕಿನ ಮಟ್ಟಿಗೆ ನಿಮ್ಮ ಮಾತೇ ಸರಿ. ಮನುಷ್ಯರ ಸಹವಾಸವೇ ಇಲ್ಲದೆ ಬೆಳೆದ ಬೆಕ್ಕಿಗೆ ಮುಚ್ಚಿದ ಕೋಣೆ ಎಂದರೆ ಪ್ರತಿ ಗಳಿಗೆಯೂ ಭಯ. ಅದನ್ನು ಪ್ರೀತಿಯಿಂದ ಗೆಲ್ಲಬಹುದು ಎಂಬುದು ನಮ್ಮ ಆಸೆಯೇ ಹೊರತು ಅದರ ಅಗತ್ಯವಲ್ಲ. ಇಲ್ಲಿ ಒಂದು ಎಚ್ಚರಿಕೆ ಬೇಕು. ಹಿಂದೆ ಯಾರದೋ ಮನೆಯಲ್ಲಿದ್ದು, ಮನೆ ಬದಲಿಸುವಾಗ ಬಿಟ್ಟುಹೋದ ಬೆಕ್ಕು ಕೂಡ ಬೋನಿನಲ್ಲಿ ಕಾಡುಪ್ರಾಣಿಯಂತೆಯೇ ವರ್ತಿಸುತ್ತದೆ. ಆದ್ದರಿಂದ ಮೊದಲ ದಿನದ ರೋಷವನ್ನು ನೋಡಿ ತೀರ್ಪು ಕೊಡಬಾರದು. ಕೆಲವು ದಿನ ಗಮನಿಸಿ. ಬಾಲವನ್ನು ಮೇಲೆತ್ತಿ ನಡೆಯುವುದು, ಮನುಷ್ಯರ ದನಿಗೆ ಮ್ಯಾವ್ ಎಂದು ಉತ್ತರಿಸುವುದು, ನೀವಿರುವಾಗಲೇ ಮೈ ನೆಕ್ಕಿಕೊಳ್ಳುವುದು, ಪಂಜರದ ಕಂಬಿಗೆ ಕೆನ್ನೆ ಉಜ್ಜುವುದು, ಇವೆಲ್ಲ ಹಳೆಯ ಒಡನಾಟದ ಗುರುತುಗಳು. ಇವು ಯಾವುವೂ ಇಲ್ಲದೆ, ಮೂಲೆಯಲ್ಲಿ ಮುದುಡಿಕೊಂಡು ಇಡೀ ಹಗಲು ಕದಲದೆ ಕುಳಿತು, ಕತ್ತಲಾದ ಮೇಲೆ ಮಾತ್ರ ತಿನ್ನುವ ಬೆಕ್ಕನ್ನು ಅದರ ಪಾಡಿಗೆ ಬಿಡಬೇಕು.

ಬಿಡುವುದೆಂದರೆ ಸಂತಾನಹರಣ ಶಸ್ತ್ರಚಿಕಿತ್ಸೆ ಮಾಡಿಸಿ, ರೇಬೀಸ್ ಲಸಿಕೆ ಹಾಕಿಸಿ, ಹಿಡಿದ ಜಾಗಕ್ಕೇ ಮರಳಿ ಬಿಡುವುದು. ಅರಿವಳಿಕೆಯಲ್ಲಿರುವಾಗಲೇ ಸಾಮಾನ್ಯವಾಗಿ ಎಡಗಿವಿಯ ತುದಿಯನ್ನು ನೇರವಾಗಿ ಕತ್ತರಿಸಿ ಗುರುತು ಮಾಡುತ್ತಾರೆ. ಅದರಿಂದ ಮುಂದೆ ಯಾರಾದರೂ ಅದನ್ನು ಮತ್ತೆ ಹಿಡಿದು ಹೊಟ್ಟೆ ಕೊಯ್ಯಿಸುವುದು ತಪ್ಪುತ್ತದೆ. ಮರಿಗಳಿಗೆ ಹಾಲೂಡಿಸುತ್ತಿರುವ ಬೆಕ್ಕು ಮತ್ತೆ ಗರ್ಭ ಧರಿಸಬಲ್ಲದು, ಅದರ ಗರ್ಭಾವಧಿ ಒಂಬತ್ತು ವಾರ. ಮರಿಗಳು ಹಾಲು ಬಿಟ್ಟ ಕೂಡಲೇ ಈ ಕೆಲಸ ಆಗದಿದ್ದರೆ ಇನ್ನೊಂದು ಸೂಲಿನ ಮರಿಗಳು ಅದೇ ಸಂದಿಯಲ್ಲಿ ಹುಟ್ಟುತ್ತವೆ.

ಅಗಲಿಸುವ ಬಗ್ಗೆ ನಿಮಗಿರುವ ಸಂಕಟ ನನಗೂ ಇದೆ. ನಾಲ್ಕು ವಾರಕ್ಕಿಂತ ಚಿಕ್ಕ ಮರಿಗಳನ್ನು ತಾಯಿಯಿಂದ ನಾನು ತೆಗೆಯುವುದಿಲ್ಲ. ತಾಯಿಯ ಸಮೇತ ಕೋಣೆಯಲ್ಲಿಟ್ಟು, ಅವು ತಾವಾಗಿ ತಿನ್ನಲು ಕಲಿತ ಮೇಲೆ ಬೇರ್ಪಡಿಸುತ್ತೇನೆ. ತಾಯಿ ಬುಸುಗುಟ್ಟುವುದನ್ನು ನೋಡಿ ನೋಡಿ ಮರಿಗಳೂ ಮನುಷ್ಯರಿಗೆ ಬುಸುಗುಟ್ಟಲು ಕಲಿಯುತ್ತವೆ ಎಂಬುದನ್ನೂ ಮರೆಯುವಂತಿಲ್ಲ.

ನಿವಾಸಿಗಳ ಸಂಘದ ಮಾಜಿ ಕಾರ್ಯದರ್ಶಿ, ಬೆಂಗಳೂರು

ಗೋಣಿಚೀಲದ ಪ್ರಸ್ತಾಪಕ್ಕೆ ಉತ್ತರ ಕೊಡಬೇಕು. ಪ್ರಾಣಿ ಹಸಿವು ಬಾಯಾರಿಕೆಗಳಿಂದ ನರಳುವಂತಹ ಸ್ಥಿತಿಯಲ್ಲಿ ಅದನ್ನು ತೊರೆದುಬರುವುದು 1960ರ ಪ್ರಾಣಿ ಹಿಂಸೆ ತಡೆ ಕಾಯ್ದೆಯ 11ನೆಯ ಕಲಮಿನಂತೆ ಅಪರಾಧ. ಜನನ ನಿಯಂತ್ರಣದ 2001ರ ನಿಯಮಗಳು ನಾಯಿಗಳಿಗೆ ಸೀಮಿತವಾಗಿದ್ದವು. ಅವುಗಳ ಜಾಗದಲ್ಲಿ ಬಂದ 2023ರ ಪ್ರಾಣಿ ಜನನ ನಿಯಂತ್ರಣ ನಿಯಮಗಳು, ಆವರಣದಲ್ಲಿ ವಾಸಿಸುವ ಸಮುದಾಯ ಪ್ರಾಣಿಗಳಿಗೆ, ಎಂದರೆ ಯಾರ ಒಡೆತನಕ್ಕೂ ಸೇರದ ಪ್ರಾಣಿಗಳಿಗೆ, ಆಹಾರದ ವ್ಯವಸ್ಥೆ ಮಾಡುವ ಹೊಣೆಯನ್ನು ನಿವಾಸಿಗಳ ಸಂಘದ ಮೇಲೆ ಇಟ್ಟಿವೆ. ಮಕ್ಕಳು ಆಡುವ ಜಾಗ, ಮೆಟ್ಟಿಲು ಮತ್ತು ಪ್ರವೇಶದ್ವಾರಗಳಿಂದ ದೂರದಲ್ಲಿ ಆಹಾರ ಇಡಬೇಕೆಂಬುದೂ ಆ ನಿಯಮದಲ್ಲಿದೆ. ದೂರು ಕೊಡುವವರಿಗೂ ಇದು ಸಮಾಧಾನದ ಮಾತು.

ಕಾನೂನಿಗಿಂತ ಹೆಚ್ಚಾಗಿ ಸಭೆಯಲ್ಲಿ ಜನರಿಗೆ ಒಪ್ಪಿಗೆಯಾಗುವುದು ವ್ಯವಹಾರದ ಮಾತು. ಇರುವ ಬೆಕ್ಕನ್ನು ಹೊರಹಾಕಿದರೆ, ಕಸದ ಡಬ್ಬಿ ಮತ್ತು ಇಲಿಗಳಿರುವ ಜಾಗಕ್ಕೆ ಬೇರೆ ಬೆಕ್ಕು ಬರುತ್ತದೆ, ಅದೂ ಮರಿ ಹಾಕುತ್ತದೆ. ಶಸ್ತ್ರಚಿಕಿತ್ಸೆಯಾದ ಬೆಕ್ಕು ಅಲ್ಲೇ ಇದ್ದರೆ ರಾತ್ರಿಯ ಕೂಗಾಟ ನಿಲ್ಲುತ್ತದೆ, ಮರಿಗಳ ಸಮಸ್ಯೆಯೂ ಇರುವುದಿಲ್ಲ. ಈ ವಿವರಣೆಯನ್ನು ಲಿಖಿತವಾಗಿ ಸೂಚನಾ ಫಲಕಕ್ಕೆ ಹಾಕಿ.

ಬನಶಂಕರಿ ನಿವಾಸಿ

ಎಲ್ಲರಿಗೂ ಹೃತ್ಪೂರ್ವಕ ಧನ್ಯವಾದಗಳು. ತಾಯಿಯೂ ಮರಿಗಳೂ ಸಿಕ್ಕಿವೆ. ಮರಿಗಳಿಗೆ ಏಳೆಂಟು ವಾರ ಆಗಿರಬಹುದೆಂದು ವೈದ್ಯರು ಹಲ್ಲು ನೋಡಿ ಹೇಳಿದರು, ಮೊದಲ ಲಸಿಕೆಯೂ ಆಯಿತು. ತಾಯಿಬೆಕ್ಕು ಬೇರೆ ಪಂಜರದಲ್ಲಿದೆ, ಹಾಲು ಬತ್ತಿದ ಮೇಲೆ ಶಸ್ತ್ರಚಿಕಿತ್ಸೆಗೆ ಬರಲು ಹೇಳಿದ್ದಾರೆ. ಮೈಸೂರಿನವರು ಹೇಳಿದ ಗುರುತುಗಳಲ್ಲಿ ಒಂದೂ ಅದರಲ್ಲಿ ಕಾಣುತ್ತಿಲ್ಲ.

ಪಟ್ಟೆಯ ಎರಡು ಮರಿಗಳು ಈಗ ಉದ್ದ ಹಿಡಿಯ ಮರದ ಸೌಟಿನಿಂದ ಕೋಳಿಮಾಂಸದ ಗಂಜಿ ನೆಕ್ಕುತ್ತವೆ. ಕಪ್ಪುಮರಿ ಮಾತ್ರ ಪೆಟ್ಟಿಗೆಯಿಂದ ಹೊರಗೆ ಬರುವುದಿಲ್ಲ. ಪಟ್ಟೆಮರಿಗಳ ಬೆನ್ನ ಹಿಂದೆ ಕುಳಿತು ಅವುಗಳ ಹೆಗಲ ಮೇಲಿಂದ ನನ್ನನ್ನು ನೋಡುತ್ತದೆ, ಸೌಟು ಹತ್ತಿರ ತಂದರೆ ಕಿವಿಗಳನ್ನು ಹಿಂದಕ್ಕೆ ಒತ್ತಿ ಗುರುಗುಟ್ಟುತ್ತದೆ. ನಾನು ಎದ್ದು ಹೋದ ಮೇಲೆ ಬಂದು ತಿನ್ನುತ್ತದೆ. ಇನ್ನೊಂದು ಸಂಕಟವೂ ಇದೆ. ನಮ್ಮ ಅತ್ತೆ ಮಾವ ಶುದ್ಧ ಸಸ್ಯಾಹಾರಿಗಳು. ಮರಿಗಳನ್ನು ಇಟ್ಟುಕೊಳ್ಳಲು ಅವರ ಒಪ್ಪಿಗೆ ಇದೆ, ಆದರೆ ಮಾಂಸ ಬೇಯಿಸುವುದು ಅವರಿಗೆ ನೋವಾಗುತ್ತಿದೆ. ಮೊಸರನ್ನದಲ್ಲೇ ಬೆಳೆಸಬಹುದಲ್ಲವೇ ಎಂದು ಅತ್ತೆಯವರು ಕೇಳುತ್ತಿದ್ದಾರೆ.

ಪಶುವೈದ್ಯೆ, ಶಿವಮೊಗ್ಗ

ಮೊಸರನ್ನ ಸಾಕಾಗುವುದಿಲ್ಲ. ಬೆಕ್ಕಿನ ದೇಹ ಟಾರಿನ್ ಎಂಬ ಅಂಶವನ್ನು ತನಗೆ ಸಾಲುವಷ್ಟು ತಾನೇ ತಯಾರಿಸಿಕೊಳ್ಳಲಾರದು, ಅದು ಮಾಂಸ ಮತ್ತು ಮೀನಿನಿಂದಲೇ ಸಿಗಬೇಕು. ಅದರ ಕೊರತೆಯಾದರೆ ಕಣ್ಣಿನ ಅಕ್ಷಿಪಟಲ ಕೆಟ್ಟು ಕುರುಡಾಗುತ್ತದೆ, ಹೃದಯದ ಸ್ನಾಯು ಸಡಿಲವಾಗುತ್ತದೆ. ನಮ್ಮ ಹಳ್ಳಿಗಳ ಬೆಕ್ಕು ಮೊಸರನ್ನ ತಿಂದು ಬದುಕಿದ್ದು ಜೊತೆಗೆ ಇಲಿ, ಹಲ್ಲಿ, ಜಿರಲೆಗಳನ್ನು ಹಿಡಿದು ತಿನ್ನುತ್ತಿದ್ದುದರಿಂದ. ಮನೆಯೊಳಗೇ ಇರುವ ಬೆಕ್ಕಿಗೆ ಆ ದಾರಿ ಇಲ್ಲ. ಹಿರಿಯರ ಮನಸ್ಸನ್ನೂ ಉಳಿಸಬೇಕೆಂದರೆ ಅಡುಗೆಮನೆಯಲ್ಲಿ ಬೇಯಿಸುವ ಅಗತ್ಯವೇ ಇಲ್ಲ. ಮರಿಗಳಿಗೆಂದೇ ಸಿಗುವ, ಪೊಟ್ಟಣದ ಸಂಪೂರ್ಣ ಆಹಾರವನ್ನು ಆ ಕೋಣೆಯಲ್ಲೇ ಇಟ್ಟುಕೊಂಡು, ಪಾತ್ರೆಗಳನ್ನು ಬೇರೆಯಾಗಿ ತೊಳೆಯಿರಿ. ಬರೀ ಕೋಳಿಮಾಂಸದ ಗಂಜಿಯಲ್ಲಿ ಸುಣ್ಣದ ಅಂಶ ಕಡಿಮೆ ಇರುವುದರಿಂದ ಮರಿಗಳ ಎಲುಬಿಗೂ ಪೊಟ್ಟಣದ ಆಹಾರವೇ ಮೇಲು. ಮನೆಯಲ್ಲಿ ಏನೇ ಬೇಯಿಸಿದರೂ ಈರುಳ್ಳಿ, ಬೆಳ್ಳುಳ್ಳಿ ಸೋಕದಿರಲಿ, ಅವು ಬೆಕ್ಕಿನ ಕೆಂಪುರಕ್ತಕಣಗಳನ್ನು ಒಡೆಯುತ್ತವೆ.

ಮರಿಗಳ ಆರೈಕೆದಾರರು, ಮೈಸೂರು

ಕಪ್ಪುಮರಿಯ ವಿಷಯಕ್ಕೆ ಬರುತ್ತೇನೆ, ಏಕೆಂದರೆ ಬಹುತೇಕ ಎಲ್ಲ ಸೂಲಿನಲ್ಲೂ ಇಂತಹದೊಂದು ಇರುತ್ತದೆ. ಮರಿಗಳ ಧೈರ್ಯದಲ್ಲಿ ತಂದೆಬೆಕ್ಕಿನ ಸ್ವಭಾವದ ಪಾಲೂ ಇರುತ್ತದೆ, ಒಂದೇ ಸೂಲಿನ ಮರಿಗಳಿಗೆ ಬೇರೆ ಬೇರೆ ತಂದೆಗಳಿರುವುದೂ ಉಂಟು. ಅಂಜುವ ಮರಿಯನ್ನು ಈಗಲೇ ಒಡಹುಟ್ಟಿದವುಗಳಿಂದ ಬೇರೆ ಮಾಡಿ. ಮನಸ್ಸಿಗೆ ಕಷ್ಟವಾದರೂ ಇದನ್ನು ತಡಮಾಡಬಾರದು. ಗುಂಪಿನಲ್ಲಿರುವಷ್ಟು ದಿನ ಅದಕ್ಕೆ ಬೆಚ್ಚಗಿನ ಮೈ, ಆಟ, ಧೈರ್ಯ ಎಲ್ಲವೂ ಆ ಎರಡರಿಂದಲೇ ಸಿಗುತ್ತದೆ, ನಿಮ್ಮ ಅಗತ್ಯವೇ ಅದಕ್ಕೆ ಕಾಣುವುದಿಲ್ಲ. ಒಂಟಿಯಾಗಿ ಬೇರೆ ಕೋಣೆಯಲ್ಲಿ, ಚಿಕ್ಕ ಪಂಜರದಲ್ಲಿ ಕೆಲವು ದಿನ ಇಟ್ಟರೆ ಅದು ಒಡನಾಟಕ್ಕಾಗಿ ನಿಮ್ಮ ಕಡೆ ನೋಡತೊಡಗುತ್ತದೆ. ಆಮೇಲೆ ಮತ್ತೆ ಕೂಡಿಸಬಹುದು.

ಸೌಟನ್ನು ಮುಖದ ನೇರಕ್ಕೆ ಒಡ್ಡಬೇಡಿ. ನೆಲಕ್ಕೆ ತಾಗಿಸಿ, ಪಕ್ಕದಿಂದ, ಮೂಗಿಗೆ ವಾಸನೆ ತಾಕುವಷ್ಟು ದೂರದಲ್ಲಿ ಇಟ್ಟು ಕೈಯನ್ನು ಕಲ್ಲಿನಂತೆ ಸ್ಥಿರವಾಗಿ ಹಿಡಿಯಿರಿ. ಮೊದಲ ಸಲ ನಾಲಿಗೆ ಚಾಚಿ ಒಂದೇ ಒಂದು ಸಲ ನೆಕ್ಕಿ ಹಿಂದೆ ಸರಿಯುತ್ತದೆ. ಆ ಕ್ಷಣ ಅದನ್ನು ಮುಟ್ಟುವ ಆಸೆಯನ್ನು ಖಂಡಿತ ತಡೆಯಬೇಕು. ಊಟದ ನಂತರ ಊಟ, ಸೌಟಿನ ಹಿಡಿಯನ್ನು ಗಿಡ್ಡ ಮಾಡುತ್ತ ಬಂದು ಕೊನೆಗೆ ಬೆರಳ ತುದಿಯಲ್ಲಿ ಕೊಡಿ. ಬೆರಳಿನಿಂದ ತಿನ್ನುವಾಗ ಇನ್ನೊಂದು ಬೆರಳು ಕೆನ್ನೆಗೆ ತಾಗಲಿ. ಅದನ್ನು ಸಹಿಸಿದರೆ ಗಲ್ಲ, ಆಮೇಲೆ ಕಿವಿಯ ಬುಡ, ಆಮೇಲೆ ಭುಜ. ತಲೆಯ ಮೇಲಿನಿಂದ ಕೈ ಇಳಿಸಿದರೆ ಮರಿಗೆ ಹದ್ದು ಎರಗಿದ ಅನುಭವವಾಗುತ್ತದೆ. ಹೊಟ್ಟೆ, ಪಾದ, ಬಾಲಗಳ ಗೊಡವೆಗೆ ಈಗ ಹೋಗಬೇಡಿ.

ಎತ್ತಿಕೊಳ್ಳುವ ಹಂತದಲ್ಲಿ ಹಳೆಯ ಟವೆಲಿನಲ್ಲಿ ತಲೆಯೊಂದು ಮಾತ್ರ ಹೊರಗಿರುವಂತೆ ಸುತ್ತಿ, ಎದೆಗೊರಗಿಸಿಕೊಂಡು ಕೆಲವೇ ನಿಮಿಷ ಕುಳಿತು, ಒದ್ದಾಟ ನಿಂತಿರುವಾಗಲೇ ಕೆಳಗೆ ಬಿಡಿ. ಒದ್ದಾಡಿದಾಗ ಬಿಟ್ಟರೆ ಒದ್ದಾಡುವುದೇ ಬಿಡುಗಡೆಯ ದಾರಿ ಎಂದು ಕಲಿಯುತ್ತದೆ. ಆದರೆ ಮರಿ ಬಾಯಿ ತೆರೆದು ಏದುಸಿರು ಬಿಟ್ಟರೆ ಅಥವಾ ಮೈ ಮರಗಟ್ಟಿಸಿಕೊಂಡು ಕಣ್ಣಗಲಿಸಿ ನಿಶ್ಚಲವಾದರೆ ತಕ್ಷಣ ಪೆಟ್ಟಿಗೆಗೆ ಮರಳಿಸಿ. ಸುಮ್ಮನಿದೆ ಎಂದರೆ ಒಪ್ಪಿಕೊಂಡಿದೆ ಎಂದಲ್ಲ, ಹೆದರಿ ಮರಗಟ್ಟಿದ ಮರಿಯೂ ಸುಮ್ಮನೆಯೇ ಇರುತ್ತದೆ. ಒಪ್ಪಿಕೊಂಡದ್ದರ ಗುರುತು ಮೈಯ ಬಿಗಿ ಇಳಿಯುವುದು, ತಾನಾಗಿ ಕೆನ್ನೆ ಒತ್ತುವುದು.

ಪಟ್ಟೆಯ ಮರಿಗಳಿಗೆ ಈಗ ಮನೆಯ ಸದ್ದುಗಳ ಪರಿಚಯ ಆಗಬೇಕು. ಪಂಜರದಿಂದ ಕೋಣೆಗೆ, ಕೋಣೆಯಿಂದ ನಡುಮನೆಗೆ ಬಿಡುತ್ತ ಬನ್ನಿ. ಕುಕ್ಕರಿನ ಸೀಟಿ, ಮಿಕ್ಸಿ, ಕಾಲಿಂಗ್ ಬೆಲ್, ಪೊರಕೆ, ದೇವರಮನೆಯ ಗಂಟೆ, ಇವೆಲ್ಲ ಮೊದಲು ದೂರದಿಂದ, ಆಹಾರದ ಜೊತೆಯಲ್ಲಿ ಕೇಳಿಸಲಿ. ನಿಮ್ಮೊಬ್ಬರಿಗೇ ಒಗ್ಗಿಕೊಂಡ ಮರಿ ಹೊಸ ಮನೆಯಲ್ಲಿ ಮತ್ತೆ ಮೊದಲಿನ ಸ್ಥಿತಿಗೆ ಜಾರುತ್ತದೆ. ಆದ್ದರಿಂದ ಗಂಡಸರು, ಹೆಂಗಸರು, ಸಮಾಧಾನದಿಂದ ಕುಳಿತುಕೊಳ್ಳಬಲ್ಲ ಮಕ್ಕಳು, ಹೀಗೆ ಬೇರೆ ಬೇರೆಯವರು ಬಂದು ಅದಕ್ಕೆ ತಿನ್ನಿಸಲಿ.

ಶಿಕ್ಷಕಿ, ಧಾರವಾಡ

ನಾನು ಇಂತಹ ಮರಿಯನ್ನು ದತ್ತು ತೆಗೆದುಕೊಂಡವಳು, ಆದ್ದರಿಂದ ತೆಗೆದುಕೊಳ್ಳುವವರ ಕಡೆಯಿಂದ ಎರಡು ಮಾತು. ನನಗೆ ಮರಿ ಕೊಟ್ಟವರು ಅದು ಹೊಸಬರನ್ನು ಕಂಡರೆ ಅಡಗುತ್ತದೆ, ತೊಡೆಯ ಮೇಲೆ ಕೂರುವುದಿಲ್ಲ ಎಂದು ಮೊದಲೇ ಬಿಚ್ಚಿ ಹೇಳಿದ್ದರು. ಅದರಿಂದಲೇ ನನಗೆ ಕಾಯುವ ತಾಳ್ಮೆ ಬಂತು. ಬಹಳ ಪ್ರೀತಿಯ ಮರಿ ಎಂದು ಬಣ್ಣಿಸಿ ಕೊಟ್ಟಿದ್ದರೆ ಒಂದೇ ವಾರದಲ್ಲಿ ಮರಳಿಸುತ್ತಿದ್ದೆನೇನೋ. ಮೊದಲ ದಿನಗಳಲ್ಲಿ ಒಂದೇ ಕೋಣೆಯಲ್ಲಿಟ್ಟು, ನಿಮ್ಮಲ್ಲಿ ಬಳಸಿದ ಹೊದಿಕೆ ಮತ್ತು ಅದೇ ಆಹಾರವನ್ನು ಜೊತೆಗೆ ಕಳುಹಿಸಬೇಕು. ಹೊಸ ಮನೆಯವರಿಗೆ ಬಾಲ್ಕನಿ ಕಿಟಕಿಗಳಿಗೆ ಜಾಲರಿ ಹಾಕಿಸಿದ ಮೇಲೆಯೇ ಮರಿ ಕೊಡುತ್ತೇವೆ ಎಂದು ಹೇಳಿ. ಪಾರಿವಾಳಕ್ಕೆ ಕಟ್ಟುವ ತೆಳು ನೈಲಾನ್ ಬಲೆಯನ್ನು ಬೆಕ್ಕು ಕಚ್ಚಿ ಹರಿಯುತ್ತದೆ.

ಪಟ್ಟೆಯ ಎರಡನ್ನೂ ಒಂದೇ ಮನೆಗೆ ಕೊಡಲು ಪ್ರಯತ್ನಿಸಿ. ಕಪ್ಪುಮರಿಯನ್ನು ಕೇಳಿಕೊಂಡು ಬರುವವರು ಕಡಿಮೆ, ಅಡ್ಡ ಬಂದರೆ ಅಪಶಕುನ ಎಂಬ ಮಾತು ಓದಿದವರ ಮನೆಗಳಲ್ಲೂ ಇನ್ನೂ ಇದೆ. ಅದಕ್ಕಾಗಿ ಸಿಕ್ಕವರಿಗೆ ಕೊಟ್ಟುಬಿಡಬೇಡಿ. ಕಪ್ಪು ಬೆಕ್ಕನ್ನು ಮಾಟಮಂತ್ರಕ್ಕೆಂದು ಕೇಳುವವರೂ ಇರಬಹುದು, ಆದ್ದರಿಂದ ಅವರ ಮನೆಗೆ ಹೋಗಿ ನೋಡಿ, ಮನೆಯವರೆಲ್ಲರ ಜೊತೆ ಮಾತನಾಡಿ ಕೊಡಿ.

ಕೃಷಿಕರು, ಪುತ್ತೂರು

ನನ್ನ ಪ್ರಶ್ನೆಗೆ ತಾಳ್ಮೆಯಿಂದ ಉತ್ತರಿಸಿದ್ದಕ್ಕೆ ಕೃತಜ್ಞ. ಕಪ್ಪುಮರಿ ಕೊನೆಗೂ ಮನೆಯೊಳಗಿನ ಬಾಳಿಗೆ ಒಗ್ಗದಿದ್ದರೆ ನಮ್ಮ ತೋಟದಲ್ಲಿ ಜಾಗವಿದೆ. ಅಡಿಕೆ ತುಂಬಿಡುವ ಕೊಟ್ಟಿಗೆಯಲ್ಲಿ ಇಲಿಗಳ ಕಾಟವೂ ಇದೆ, ಊಟಕ್ಕೆ ಕೊರತೆಯಾಗದಂತೆ ನೋಡಿಕೊಳ್ಳುತ್ತೇವೆ. ತಾಯಿಯನ್ನೂ ಕಳುಹಿಸಬಹುದು.

ಮರಿಗಳ ಆರೈಕೆದಾರರು, ಮೈಸೂರು

ಇದು ದೊಡ್ಡ ಮನಸ್ಸಿನ ಮಾತು. ತಾಯಿಬೆಕ್ಕಿಗೆ ನೆಲಮಾಳಿಗೆಯಲ್ಲಿ ಕಾವಲುಗಾರರ ಊಟವಿದೆ, ಗೊತ್ತಿರುವ ಸಂದಿಗೊಂದಿಗಳಿವೆ. ಅದನ್ನು ಅಲ್ಲಿಗೇ ಬಿಡುವುದು ಸರಿ, ಮಳೆ ನೀರು ನಿಲ್ಲದ ಎತ್ತರದ ಮೂಲೆಯಲ್ಲಿ ಒಂದು ಮುಚ್ಚಿದ ಪೆಟ್ಟಿಗೆ ಇಟ್ಟುಕೊಡಿ. ಜಾಗ ಬದಲಿಸಿದ ಬೆಳೆದ ಬೆಕ್ಕು ಬಾಗಿಲು ತೆರೆದ ಕ್ಷಣವೇ ಹಳೆಯ ಜಾಗವನ್ನು ಹುಡುಕಿ ಓಡುತ್ತದೆ, ದಾರಿಯಲ್ಲಿ ಕಳೆದುಹೋಗುತ್ತದೆ. ಕಪ್ಪುಮರಿಯನ್ನು ತೋಟಕ್ಕೆ ಕಳುಹಿಸುವ ಸಂದರ್ಭ ಬಂದರೂ ಶಸ್ತ್ರಚಿಕಿತ್ಸೆ ಮತ್ತು ಲಸಿಕೆಗಳು ಮುಗಿದಿರಬೇಕು. ಅಲ್ಲಿ ಎರಡರಿಂದ ನಾಲ್ಕು ವಾರ ಕೊಟ್ಟಿಗೆಯೊಳಗೆ ದೊಡ್ಡ ಪಂಜರದಲ್ಲಿಟ್ಟು, ಊಟ ಹಾಕುವವರ ದನಿ ಮತ್ತು ಆ ಜಾಗದ ವಾಸನೆ ಒಗ್ಗಿದ ಮೇಲೆಯೇ ಬಿಡಬೇಕು.

ಆದರೆ ಅದನ್ನು ಈಗಲೇ ತೀರ್ಮಾನಿಸಬೇಡಿ. ಎರಡು ತಿಂಗಳೂ ತುಂಬದ ಮರಿ ಅದು. ಪ್ರತಿ ವಾರದ ಕೊನೆಗೆ, ಹಿಂದಿನ ವಾರ ಮಾಡದಿದ್ದ ಏನನ್ನು ಈ ವಾರ ಮಾಡಿತು ಎಂದು ಬರೆದಿಡಿ. ನಾಲ್ಕೈದು ವಾರ ಪ್ರಾಮಾಣಿಕವಾಗಿ ಶ್ರಮಿಸಿದ ಮೇಲೂ ಆ ಪುಟ ಖಾಲಿಯಾಗಿದ್ದರೆ ಪುತ್ತೂರಿನವರಿಗೆ ತಿಳಿಸಿ.

ಬನಶಂಕರಿ ನಿವಾಸಿ

ಕಪ್ಪುಮರಿಯನ್ನು ನಿನ್ನೆಯಿಂದ ಬೇರೆ ಇಟ್ಟಿದ್ದೇನೆ, ಬರೆಯುವ ಪುಸ್ತಕವನ್ನೂ ಪಂಜರದ ಪಕ್ಕದಲ್ಲೇ ಇಟ್ಟುಕೊಂಡಿದ್ದೇನೆ. ಅತ್ತೆಯವರು ಪೊಟ್ಟಣದ ಆಹಾರಕ್ಕೆ ಒಪ್ಪಿದ್ದಾರೆ. ಪಟ್ಟೆಯ ಮರಿಗಳನ್ನು ಜೊತೆಯಾಗಿ 10ನೆಯ ವಾರಕ್ಕೆ ಕೊಡಬಹುದೇ ಎಂದು ಜಯನಗರದ ಪರಿಚಿತರೊಬ್ಬರು ಕೇಳುತ್ತಿದ್ದಾರೆ. ಅವರ ಮನೆಯಲ್ಲಿ ಆಗಲೇ ಒಂದು ಬೆಕ್ಕಿದೆ.

ಪಶುವೈದ್ಯೆ, ಶಿವಮೊಗ್ಗ

ಎರಡನೆಯ ಲಸಿಕೆ ಹಾಕಿಸಿ ಒಂದು ವಾರ ಕಳೆದ ಮೇಲೆ ಕೊಡಿ. ಅಷ್ಟರಲ್ಲಿ ಅವರ ಬೆಕ್ಕಿನ ಲಸಿಕೆಗಳು ಬಾಕಿಯಿದ್ದರೆ ಮುಗಿಸಲು ಹೇಳಿ. ಸಾಧ್ಯವಾದರೆ ಮರಿಗಳ ರಕ್ತವನ್ನು ಬೆಕ್ಕಿನ ಲ್ಯುಕೇಮಿಯಾ ವೈರಸ್ ಪರೀಕ್ಷೆಗೆ ಕೊಡಿ, ಅವರ ಬೆಕ್ಕಿನ ಹಿತಕ್ಕೆ ಅದು ಅಗತ್ಯ. ಹೆಣ್ಣುಮರಿ ನಾಲ್ಕು ತಿಂಗಳಿಗೇ ಬೆದೆಗೆ ಬರಬಲ್ಲದು, ಆದ್ದರಿಂದ ಶಸ್ತ್ರಚಿಕಿತ್ಸೆಯ ಜವಾಬ್ದಾರಿ ಯಾರದು, ಯಾವ ತಿಂಗಳಲ್ಲಿ ಎಂಬುದನ್ನು ದತ್ತುಪತ್ರದಲ್ಲೇ ಬರೆಯಿಸಿಕೊಳ್ಳಿ. ನಿಮ್ಮ ವೈದ್ಯರು ಎಳೆಯ ಮರಿಗಳಿಗೆ ಶಸ್ತ್ರಚಿಕಿತ್ಸೆ ಮಾಡುವ ಅನುಭವ ಉಳ್ಳವರಾಗಿದ್ದರೆ, ಒಂದು ಕಿಲೋ ತೂಕ ದಾಟಿದ ಮೇಲೆ ನೀವೇ ಮಾಡಿಸಿ ಕೊಡುವುದು ಇನ್ನೂ ಒಳ್ಳೆಯದು.